ಹೇಳುವ ಪ್ರತಿಜ್ಞೆ, ಹೇಳಿಸುವ ಪ್ರತಿಜ್ಞೆ

ನಾನು ಓದಿದ್ದು ಬಯಲುಸೀಮೆಯ ಒಂದು ಸರ್ಕಾರಿ ಶಾಲೆಯಲ್ಲಿ. ಬೆಳಗ್ಗೆ ಬೆಲ್ ಹೊಡೆದ ಕೂಡಲೇ ಅಂಗಳದಲ್ಲಿ ಸಾಲು ಕಟ್ಟಿ ನಿಲ್ಲುತ್ತಿದ್ದೆವು. ಮೊದಲು ಪ್ರಾರ್ಥನೆ, ಆಮೇಲೆ ಪ್ರತಿಜ್ಞೆ, ಪೇಪರಿನ ನಾಲ್ಕು ಸುದ್ದಿ, ಕೊನೆಗೆ ರಾಷ್ಟ್ರಗೀತೆ. ಪ್ರತಿಜ್ಞೆಗೆ ದಿನಕ್ಕೊಬ್ಬರ ಸರದಿ. ಮುಂದೆ ನಿಂತವರು ಒಂದೊಂದೇ ವಾಕ್ಯ ಹೇಳಬೇಕು. ಉಳಿದವರು ಬಲಗೈ ಮುಂದೆ ಚಾಚಿ ಅದನ್ನೇ ತಿರುಗಿ ಹೇಳಬೇಕು.

ಆ ದಿನದ ಸರದಿ ತಾಂಡಾದಿಂದ ನಡೆದುಕೊಂಡು ಬರುತ್ತಿದ್ದ ಒಬ್ಬ ಹುಡುಗನದು. ಅವನ ಮನೆಮಾತು ಲಂಬಾಣಿ. ಕನ್ನಡ ಅವನಿಗೆ ಶಾಲೆಗೆ ಬಂದ ಮೇಲೆ ಸಿಕ್ಕ ಭಾಷೆ. 'ವೈವಿಧ್ಯಮಯ ಪರಂಪರೆ' ಎನ್ನುವಲ್ಲಿ ನಾಲಿಗೆ ತೊಡರಿತು. ಮತ್ತೆ ಹೇಳಿದ, ಮತ್ತೆ ತೊಡರಿತು. ಮೇಷ್ಟ್ರು ಬೆತ್ತದಲ್ಲಿ ಎರಡು ಕೊಟ್ಟರು. ಪ್ರತಿಜ್ಞೆಗೆಂದು ಚಾಚಿದ್ದ ಅಂಗೈಯನ್ನೇ ತಿರುಗಿಸಿ ಹೊಡೆದರು. ನಾವು ನೂರಾರು ಮಕ್ಕಳು ಕೈ ಚಾಚಿಕೊಂಡೇ ನೋಡುತ್ತಾ ನಿಂತಿದ್ದೆವು. ಎಲ್ಲ ಭಾರತೀಯರೂ ನನ್ನ ಸಹೋದರ ಸಹೋದರಿಯರು ಎಂದು ಹೇಳಿ ಅರ್ಧ ನಿಮಿಷವೂ ಆಗಿರಲಿಲ್ಲ.

ಶಾಲೆಯಲ್ಲಿ ಮಕ್ಕಳಿಂದ ಪ್ರತಿಜ್ಞೆ ಹೇಳಿಸಬೇಕೇ ಎಂಬ ಚರ್ಚೆ ಬಂದಾಗಲೆಲ್ಲ ನನಗೆ ಆ ಅಂಗೈ ಕಾಣುತ್ತದೆ. ಈ ಚರ್ಚೆ ಮತ್ತೆ ಮತ್ತೆ ಬರುತ್ತಲೇ ಇದೆ. ಗುಜರಾತಿನಲ್ಲಿ 2019ರ ಜನವರಿಯಿಂದ ಹಾಜರಿ ಕೂಗುವಾಗ ಮಕ್ಕಳು 'ಜೈ ಹಿಂದ್' ಅಥವಾ 'ಜೈ ಭಾರತ್' ಎನ್ನಬೇಕು ಎಂದು ಆದೇಶವಾಯಿತು. ಹರಿಯಾಣ 2024ರಲ್ಲಿ ಶಾಲೆಗಳಲ್ಲಿ 'ಗುಡ್ ಮಾರ್ನಿಂಗ್' ಬದಲು 'ಜೈ ಹಿಂದ್' ಎನ್ನಲು ಹೇಳಿತು. ಮಹಾರಾಷ್ಟ್ರ 2020ರಲ್ಲಿ ಸಂವಿಧಾನದ ಪೀಠಿಕೆ ಓದಿಸುವುದನ್ನು ಶುರು ಮಾಡಿತು. ನಮ್ಮ ಕರ್ನಾಟಕ 2023ರ ಜೂನ್‌ನಲ್ಲಿ ಅದನ್ನೇ ಎಲ್ಲ ಶಾಲಾ ಕಾಲೇಜುಗಳಿಗೆ ತಂದಿತು. ಇಲ್ಲಿ ಒಂದೇ ಪಕ್ಷದ ಸರ್ಕಾರಗಳಿಲ್ಲ ಎಂಬುದನ್ನು ಗಮನಿಸಿ. ಹೇಳಿಸುವ ಮಾತು ಬೇರೆ ಬೇರೆ ಇರಬಹುದು. ಮಕ್ಕಳ ಬಾಯಲ್ಲಿ ಹೇಳಿಸಬೇಕು ಎಂಬ ಆಸೆ ಮಾತ್ರ ಎಲ್ಲರದೂ ಒಂದೇ.

ನಮ್ಮ ಪ್ರತಿಜ್ಞೆ ಬರೆದವರು ಯಾರು ಎಂದು ಕೇಳಿದರೆ ಹೆಚ್ಚಿನವರಿಗೆ ಗೊತ್ತಿಲ್ಲ. ರಾಷ್ಟ್ರಗೀತೆ ಬರೆದವರ ಹೆಸರು ಒಂದನೇ ತರಗತಿಯ ಮಗುವೂ ಹೇಳುತ್ತದೆ. ಪ್ರತಿಜ್ಞೆಯ ಕರ್ತೃ ಪೈಡಿಮರ್ರಿ ವೆಂಕಟ ಸುಬ್ಬರಾವ್. ನಲ್ಗೊಂಡ ಜಿಲ್ಲೆಯ ಅನ್ನೆಪರ್ತಿಯವರು. 1962ರಲ್ಲಿ ವಿಶಾಖಪಟ್ಟಣದಲ್ಲಿ ಜಿಲ್ಲಾ ಖಜಾನೆ ಅಧಿಕಾರಿಯಾಗಿದ್ದರು. ಚೀನಾ ಜೊತೆ ಯುದ್ಧ ನಡೆದ ವರ್ಷ ಅದು. ಆಗ ತೆಲುಗಿನಲ್ಲಿ ಈ ಸಾಲುಗಳನ್ನು ಬರೆದರು. ಅದನ್ನು ಹಿರಿಯ ರಾಜಕಾರಣಿ ತೆನ್ನೇಟಿ ವಿಶ್ವನಾಥಂ ಅವರಿಗೆ ಕೊಟ್ಟರು. ಅವರು ಆಂಧ್ರದ ಆಗಿನ ಶಿಕ್ಷಣ ಸಚಿವ ಪಿ.ವಿ.ಜಿ. ರಾಜು ಅವರಿಗೆ ತಲುಪಿಸಿದರು. 1963ರಲ್ಲಿ ಶಾಲೆಗಳಲ್ಲಿ ಹೇಳಿಸಲು ಶುರುವಾಯಿತು.

ಇದು ಇಡೀ ದೇಶದ ಪ್ರತಿಜ್ಞೆಯಾಗಿದ್ದು ನಮ್ಮ ಬೆಂಗಳೂರಿನಲ್ಲಿ. 1964ರ ಅಕ್ಟೋಬರ್‌ನಲ್ಲಿ ಕೇಂದ್ರ ಶಿಕ್ಷಣ ಸಲಹಾ ಮಂಡಳಿಯ ಸಭೆ ಇಲ್ಲಿ ನಡೆಯಿತು. ಅಧ್ಯಕ್ಷತೆ ಆಗಿನ ಕೇಂದ್ರ ಶಿಕ್ಷಣ ಸಚಿವ ಎಂ.ಸಿ. ಛಾಗ್ಲಾ ಅವರದು. ಮಕ್ಕಳು ಈ ಪ್ರತಿಜ್ಞೆ ಹೇಳಬೇಕು ಎಂದು ಆ ಸಭೆ ಹೇಳಿತು. 1965ರ ಜನವರಿ 26ರಿಂದ ಅದು ಜಾರಿಗೆ ಬಂತು. ಸುಬ್ಬರಾವ್ ಅವರಿಗೆ ಮಾತ್ರ ಇದು ಬಹಳ ಕಾಲ ತಿಳಿದಿರಲಿಲ್ಲವಂತೆ. ಮೊಮ್ಮಗಳು ಪಠ್ಯಪುಸ್ತಕ ತೆರೆದು ಗಟ್ಟಿಯಾಗಿ ಓದುತ್ತಿದ್ದಾಗ, ಅರೆ, ಇದು ನಾನು ಬರೆದದ್ದಲ್ವಾ ಎಂದು ಗೊತ್ತಾಯಿತು ಎಂದು ಅವರ ಮನೆಯವರು ಹೇಳಿಕೊಂಡಿದ್ದಾರೆ. ಅವರು 1988ರಲ್ಲಿ ತೀರಿಕೊಂಡರು.

ಈಗ ಆ ಸಾಲುಗಳನ್ನು ನಿಧಾನವಾಗಿ ಒಮ್ಮೆ ನೋಡೋಣ. ಭಾರತ ನನ್ನ ದೇಶ. ಎಲ್ಲ ಭಾರತೀಯರೂ ನನ್ನ ಸಹೋದರ ಸಹೋದರಿಯರು. ನನ್ನ ದೇಶವನ್ನು ಪ್ರೀತಿಸುತ್ತೇನೆ. ಅದರ ಶ್ರೀಮಂತ, ವೈವಿಧ್ಯಮಯ ಪರಂಪರೆ ನನಗೆ ಹೆಮ್ಮೆ. ಅದಕ್ಕೆ ತಕ್ಕವನಾಗಲು ಸದಾ ಪ್ರಯತ್ನಿಸುತ್ತೇನೆ. ತಂದೆ ತಾಯಿ, ಗುರುಗಳು, ಹಿರಿಯರನ್ನು ಗೌರವಿಸುತ್ತೇನೆ, ಎಲ್ಲರೊಂದಿಗೂ ಸೌಜನ್ಯದಿಂದ ನಡೆದುಕೊಳ್ಳುತ್ತೇನೆ. ದೇಶಕ್ಕೂ ಜನರಿಗೂ ನಿಷ್ಠೆಯಿಂದಿರುತ್ತೇನೆ. ಅವರ ಕ್ಷೇಮ, ಸಮೃದ್ಧಿಯಲ್ಲೇ ನನ್ನ ಸಂತೋಷ.

ಇದರಲ್ಲಿ ಬಾವುಟ ಇಲ್ಲ. ದೇವರಿಲ್ಲ. ಸರ್ಕಾರ ಇಲ್ಲ. ಶತ್ರು ಇಲ್ಲ. ಯುದ್ಧದ ವರ್ಷ ಬರೆದದ್ದಾದರೂ ಪ್ರಾಣ ಕೊಡುತ್ತೇನೆ, ಪ್ರಾಣ ತೆಗೆಯುತ್ತೇನೆ ಎಂಬ ಮಾತಿಲ್ಲ. ಎರಡನೇ ಸಾಲಿಗೇ ದೇಶ ಎಂದರೆ ಜನ ಎಂದಾಗಿಬಿಡುತ್ತದೆ. ಕೊನೆಯ ಸಾಲಿನಲ್ಲೂ ಜನರೇ. ನನಗೆ ಇದು ನಿಜಕ್ಕೂ ದೊಡ್ಡ ಬರಹ ಅನ್ನಿಸುತ್ತದೆ. ಖಜಾನೆಯ ಲೆಕ್ಕ ನೋಡುತ್ತಿದ್ದ ಒಬ್ಬ ಮನುಷ್ಯ ಅಂಥ ಹೊತ್ತಿನಲ್ಲಿ ಕೂತು ಇಷ್ಟು ಮೆತ್ತಗಿನ ಮಾತು ಬರೆದರಲ್ಲ ಎಂದು ಗೌರವ ಮೂಡುತ್ತದೆ. ಹಾಗಾಗಿ ಪ್ರತಿಜ್ಞೆಯ ಮಾತುಗಳ ಬಗ್ಗೆ ನನಗೆ ತಕರಾರಿಲ್ಲ. ನನ್ನ ತಕರಾರು ಅದನ್ನು ಹೇಳಿಸುವ ರೀತಿಯ ಬಗ್ಗೆ.

ಪ್ರತಿಜ್ಞೆ ಎಂದರೆ ಏನು? ಮಾತು ಕೊಡುವುದು. ನಮ್ಮ ಮನೆಗಳಲ್ಲಿ ಮಗು ಆಟದ ಜಗಳದಲ್ಲಿ 'ಅಮ್ಮನಾಣೆ' ಎಂದರೆ ಹಿರಿಯರು ಗದರುತ್ತಾರೆ. 'ಮಕ್ಕಳು ಆಣೆ ಇಡಬಾರದು, ಬಿಡ್ತು ಅನ್ನು' ಎನ್ನುತ್ತಾರೆ. ಆಣೆಯ ಭಾರ ಮಗುವಿಗೆ ಗೊತ್ತಿಲ್ಲ ಎಂಬುದು ಅದರ ಹಿಂದಿನ ತಿಳಿವಳಿಕೆ. ಕಾನೂನೂ ಅದನ್ನೇ ಹೇಳುತ್ತದೆ. 1969ರ ಪ್ರಮಾಣಗಳ ಕಾಯ್ದೆ ಇದೆ. ಕೋರ್ಟಿಗೆ ಸಾಕ್ಷಿ ಹೇಳಲು ಬಂದ ಮಗುವಿಗೆ 12 ವರ್ಷ ತುಂಬಿಲ್ಲ ಎಂದಿಟ್ಟುಕೊಳ್ಳಿ. ನಿಜ ಹೇಳಬೇಕು ಎಂಬುದು ಮಗುವಿಗೆ ಗೊತ್ತು, ಆದರೆ ಪ್ರಮಾಣ ಎಂದರೇನು ಎಂದು ಗೊತ್ತಿಲ್ಲ ಎಂದು ನ್ಯಾಯಾಧೀಶರಿಗೆ ಅನ್ನಿಸಿದರೆ, ಆ ಮಗು ಪ್ರಮಾಣ ಮಾಡಬೇಕಾಗಿಲ್ಲ. ಸುಮ್ನೆ ನಡೆದದ್ದನ್ನು ಹೇಳಿದರೆ ಸಾಕು. 18 ತುಂಬದವರು ಮಾಡಿಕೊಂಡ ಕರಾರಿಗೆ ಬೆಲೆ ಇಲ್ಲ. ಮತವೂ ಇಲ್ಲ.

ದೊಡ್ಡವರ ಕಡೆ ನೋಡಿ. ಸಂವಿಧಾನದ ಮೂರನೇ ಅನುಸೂಚಿಯಲ್ಲಿ ಪ್ರಮಾಣವಚನಗಳಿವೆ. ಅವು ಮಂತ್ರಿಗಳಿಗೆ, ಸಂಸದರಿಗೆ, ಶಾಸಕರಿಗೆ, ನ್ಯಾಯಾಧೀಶರಿಗೆ. ಅಂದರೆ ಅಧಿಕಾರ ಹಿಡಿಯುವವರಿಗೆ. ಹೊರದೇಶದಿಂದ ಬಂದು ಇಲ್ಲಿನ ಪೌರತ್ವ ಪಡೆಯುವವರೂ ನಿಷ್ಠೆಯ ಪ್ರಮಾಣ ಮಾಡುತ್ತಾರೆ. ಆದರೆ ಇಲ್ಲೇ ಹುಟ್ಟಿದ ಸಾಮಾನ್ಯ ಪ್ರಜೆ? ಅಂಗಡಿಯವರು, ರೈತರು, ಐಟಿ ಕಂಪನಿಯ ಎಂಜಿನಿಯರು, ಯಾರೂ ತಾನು ದೇಶಕ್ಕೆ ನಿಷ್ಠ ಎಂದು ದಿನಾ ಬೆಳಗ್ಗೆ ಎದ್ದು ಹೇಳಬೇಕಾಗಿಲ್ಲ. ಅವರ ನಿಷ್ಠೆಯನ್ನು ದೇಶ ನಂಬುತ್ತದೆ. ಆರು ವರ್ಷದ ಮಗುವಿನಿಂದ ಮಾತ್ರ ಪ್ರತಿದಿನ ಮಾತು ತೆಗೆದುಕೊಳ್ಳುತ್ತೇವೆ. ಇದು ನನಗೆ ಸರಿ ಕಾಣುವುದಿಲ್ಲ.

ಮಗ್ಗಿಯನ್ನೂ ಬಾಯಿಪಾಠ ಮಾಡಿಸುತ್ತೇವಲ್ಲ, ಅರ್ಥ ಆಮೇಲೆ ಆಗುತ್ತದೆ ಎಂದು ಕೆಲವರು ಹೇಳುತ್ತಾರೆ. ಏಳೆಂಟಲಿ ಐವತ್ತಾರು ಎನ್ನುವುದು ನಾನು ಒಪ್ಪಿದರೂ ಐವತ್ತಾರು, ಒಪ್ಪದಿದ್ದರೂ ಐವತ್ತಾರು. ಕೊಟ್ಟ ಮಾತು ಹಾಗಲ್ಲ. ಅದು ನಿಲ್ಲುವುದೇ ಕೊಟ್ಟವರ ಒಪ್ಪಿಗೆಯ ಮೇಲೆ. 'ಇಲ್ಲ' ಎನ್ನಲು ದಾರಿ ಇದ್ದಾಗ ಮಾತ್ರ 'ಹೂಂ' ಎನ್ನುವುದಕ್ಕೆ ಬೆಲೆ.

ಬೇರೆ ದೇಶಗಳಲ್ಲಿ ಇದು ಹೇಗೆ ಬಂತು ಎಂದು ಹುಡುಕಿ ಓದುತ್ತಾ ಹೋದಾಗ ನನಗೆ ಒಂದು ವಿಷಯ ಕಣ್ಣಿಗೆ ಬಿತ್ತು. ಈ ಪ್ರತಿಜ್ಞೆಗಳು ಬಹುಮಟ್ಟಿಗೆ ಹುಟ್ಟಿದ್ದು ಆತಂಕದ ಹೊತ್ತಿನಲ್ಲಿ. ನಮ್ಮದು ಚೀನಾ ಯುದ್ಧದ ವರ್ಷ. ಸಿಂಗಪುರ 1964ರಲ್ಲಿ ಜನಾಂಗೀಯ ಗಲಭೆ ಕಂಡಿತು, 1965ರಲ್ಲಿ ಮಲೇಷ್ಯಾದಿಂದ ಬೇರೆಯಾಯಿತು. 1966ರಲ್ಲಿ ಅಲ್ಲಿನ ಆಗಿನ ವಿದೇಶಾಂಗ ಸಚಿವ ಎಸ್. ರಾಜರತ್ನಂ ಬರೆದ ಪ್ರತಿಜ್ಞೆ ಶಾಲೆಗಳಿಗೆ ಬಂತು. ಜನಾಂಗ, ಭಾಷೆ, ಧರ್ಮದ ಭೇದವಿಲ್ಲದೆ ನಾವೆಲ್ಲ ಒಂದು ಎಂಬುದು ಅದರ ತಿರುಳು. ಮಲೇಷ್ಯಾದ ಪ್ರತಿಜ್ಞೆ 'ರುಕುನೆಗಾರ' 1970ರದು. ಹಿಂದಿನ ವರ್ಷದ ಮೇ ತಿಂಗಳಲ್ಲಿ ಕ್ವಾಲಾಲಂಪುರದಲ್ಲಿ ಜನಾಂಗೀಯ ಗಲಭೆಯಾಗಿ ರಕ್ತ ಹರಿದಿತ್ತು. ಹೆದರಿದ್ದು ದೊಡ್ಡವರು, ಜಗಳ ಮಾಡಿದ್ದೂ ದೊಡ್ಡವರು. ಮಾತು ಕೊಡಬೇಕಾಗಿ ಬಂದದ್ದು ಮಕ್ಕಳಿಗೆ.

ಅಮೆರಿಕದ ಕತೆ ಇನ್ನೂ ಉದ್ದ. ನಮ್ಮವರಿಗೆ ಅದು ದೂರದ ಕತೆಯೂ ಅಲ್ಲ. ಡಾಲಸ್‌ನಲ್ಲೋ ನ್ಯೂಜೆರ್ಸಿಯಲ್ಲೋ ಇರುವ ಕನ್ನಡದ ಮನೆಗಳ ಮಕ್ಕಳು ಬೆಳಗ್ಗೆ ತರಗತಿಯಲ್ಲಿ ಎದೆಯ ಮೇಲೆ ಕೈ ಇಟ್ಟು ಅಮೆರಿಕದ ಬಾವುಟಕ್ಕೆ ನಿಷ್ಠೆ ಹೇಳುತ್ತಾರೆ. ಟೆಕ್ಸಸ್‌ನಲ್ಲಿದ್ದರೆ ಟೆಕ್ಸಸ್ ರಾಜ್ಯದ ಬಾವುಟಕ್ಕೂ ಹೇಳುತ್ತಾರೆ. ಅವರಲ್ಲಿ ಎಷ್ಟೋ ಮಕ್ಕಳ ಕೈಯಲ್ಲಿರುವುದು ಭಾರತದ ಪಾಸ್‌ಪೋರ್ಟು. ಅಪ್ಪ ಅಮ್ಮನ ವೀಸಾ ನಂಬಿಕೊಂಡು ಅಲ್ಲಿರುವ ಮಕ್ಕಳು ಅವರು. ಗ್ರೀನ್ ಕಾರ್ಡಿಗಾಗಿ ಹತ್ತಾರು ವರ್ಷ ಕಾಯುತ್ತಿರುವ ಕುಟುಂಬದ ಮಗು ಆ ದೇಶಕ್ಕೆ ದಿನವೂ ನಿಷ್ಠೆ ಹೇಳುತ್ತದೆ. ಆ ದೇಶ ಮಾತ್ರ ಮಗುವಿಗೆ ಇನ್ನೂ ಏನೂ ಹೇಳಿಲ್ಲ.

ಆ ಪ್ರತಿಜ್ಞೆ ಬರೆದವರು ಫ್ರಾನ್ಸಿಸ್ ಬೆಲ್ಲಮಿ ಎಂಬ ಪಾದ್ರಿ. 1892ರಲ್ಲಿ ಕೊಲಂಬಸ್ ಯಾನಕ್ಕೆ 400 ವರ್ಷ ತುಂಬಿದ ನೆನಪಿಗೆ ಒಂದು ಮಕ್ಕಳ ಪತ್ರಿಕೆಗಾಗಿ ಬರೆದರು. ಆ ಪತ್ರಿಕೆ ಶಾಲೆಗಳಿಗೆ ಬಾವುಟ ಮಾರುತ್ತಿತ್ತು. ಮೊದಲು ಇದ್ದದ್ದು 'ನನ್ನ ಬಾವುಟ' ಎಂಬ ಮಾತು. ವಲಸೆ ಬಂದ ಮಕ್ಕಳು ತಮ್ಮ ಹಳೆಯ ದೇಶದ ಬಾವುಟ ನೆನೆಸಿಕೊಂಡು ಹೇಳಿಬಿಟ್ಟಾರು ಎಂಬ ಅನುಮಾನದಿಂದ 1920ರ ದಶಕದಲ್ಲಿ ಅದನ್ನು 'ಅಮೆರಿಕದ ಬಾವುಟ' ಎಂದು ತಿದ್ದಿದರು. ಬಲಗೈ ಮುಂದೆ ಚಾಚುವ ಪದ್ಧತಿ ಅಲ್ಲೂ ಇತ್ತು. ಹಿಟ್ಲರನ ಜರ್ಮನಿಯ ಸೆಲ್ಯೂಟ್ ಹಾಗೆಯೇ ಕಾಣುತ್ತದೆ ಎಂದು 1942ರ ಡಿಸೆಂಬರ್‌ನಲ್ಲಿ ಬದಲಾಯಿಸಿ, ಎದೆಯ ಮೇಲೆ ಕೈ ಇಡಿ ಎಂದರು. 1954ರಲ್ಲಿ ಕಮ್ಯುನಿಸ್ಟರ ಭಯ ಜಾಸ್ತಿಯಾದಾಗ 'ದೇವರ ಅಡಿಯಲ್ಲಿ' ಎಂಬ ಮಾತು ಸೇರಿತು. ಒಂದೊಂದು ಭಯಕ್ಕೆ ಒಂದೊಂದು ತಿದ್ದುಪಡಿ.

ಆ ಪ್ರತಿಜ್ಞೆ 'ಎಲ್ಲರಿಗೂ ಸ್ವಾತಂತ್ರ್ಯ, ಎಲ್ಲರಿಗೂ ನ್ಯಾಯ' ಎಂದು ಮುಗಿಯುತ್ತದೆ. ಕಪ್ಪು ಮಕ್ಕಳು ಬೇರೆಯೇ ಶಾಲೆಯಲ್ಲಿ ಕೂತು ಅದನ್ನು ಹೇಳಿದರು. 1942ರ ಏಪ್ರಿಲ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಶಾಲೆಯೊಂದರಲ್ಲಿ ತೆಗೆದ ಫೋಟೊ ಇದೆ. ಜಪಾನಿ ಮೂಲದ ಪುಟ್ಟ ಹುಡುಗಿಯರು ಬಾವುಟ ನೋಡುತ್ತಾ ಪ್ರತಿಜ್ಞೆ ಹೇಳುತ್ತಿದ್ದಾರೆ. ಮುಖದಲ್ಲಿ ಎಂಥ ಶ್ರದ್ಧೆ! ಆ ವರ್ಷವೇ ಅಮೆರಿಕ ಸರ್ಕಾರ ಜಪಾನಿ ಮೂಲದ ಸುಮಾರು 1,20,000 ಜನರನ್ನು ಮನೆಗಳಿಂದ ಎಬ್ಬಿಸಿ ಮುಳ್ಳುತಂತಿಯ ಶಿಬಿರಗಳಿಗೆ ಹಾಕಿತು. ಅವರಲ್ಲಿ ಹೆಚ್ಚಿನವರು ಹುಟ್ಟಿನಿಂದಲೇ ಅಮೆರಿಕದ ಪ್ರಜೆಗಳು. ದಿನಾ ಹೇಳಿದ ಪ್ರತಿಜ್ಞೆ ಆ ಮಕ್ಕಳನ್ನು ಕಾಯಲಿಲ್ಲ.

ಕೋರ್ಟಿನ ಜಗಳವೂ ಅದೇ ವರ್ಷಗಳದು. ಯೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಗಡದವರು ಬಾವುಟಕ್ಕೆ ವಂದಿಸುವುದನ್ನು ದೇವರಲ್ಲದ್ದಕ್ಕೆ ಪೂಜೆ ಎಂದು ತಿಳಿಯುತ್ತಾರೆ. ಪೆನ್ಸಿಲ್ವೇನಿಯಾದ ಮೈನರ್ಸ್‌ವಿಲ್ ಎಂಬ ಊರಿನಲ್ಲಿ ಹಾಗೆ ವಂದಿಸದ ಇಬ್ಬರು ಮಕ್ಕಳನ್ನು ಶಾಲೆಯಿಂದ ತೆಗೆದರು. 1940ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 8–1ರಲ್ಲಿ ಶಾಲೆಯ ಪರ ತೀರ್ಪು ಕೊಟ್ಟಿತು. ಅದರ ಬೆನ್ನಲ್ಲೇ ಆ ಪಂಗಡದವರ ಮೇಲೆ ಹಲವು ಕಡೆ ಗುಂಪುಗಳು ಬಿದ್ದವು. ಮೇನ್ ರಾಜ್ಯದ ಒಂದು ಊರಿನಲ್ಲಿ ಅವರ ಪ್ರಾರ್ಥನಾ ಮಂದಿರವನ್ನೇ ಸುಟ್ಟರು. ಮೂರೇ ವರ್ಷದಲ್ಲಿ, 1943ರ ಜೂನ್ 14ರಂದು, ಅದೇ ಕೋರ್ಟ್ ತನ್ನ ತೀರ್ಪನ್ನು 6–3ರಲ್ಲಿ ತಿರುವಿ ಹಾಕಿತು. ಬಲವಂತದಿಂದ ಎಲ್ಲರ ಅಭಿಪ್ರಾಯವನ್ನು ಒಂದು ಮಾಡಹೊರಟರೆ ಸಿಗುವುದು ಸ್ಮಶಾನದ ಒಮ್ಮತ ಮಾತ್ರ ಎಂದು ನ್ಯಾಯಮೂರ್ತಿ ರಾಬರ್ಟ್ ಜಾಕ್ಸನ್ ಬರೆದರು. ಎರಡನೇ ಮಹಾಯುದ್ಧ ಇನ್ನೂ ನಡೆಯುತ್ತಿತ್ತು. ಯುದ್ಧದ ನಡುವೆಯೂ ಹಾಗೆ ಬರೆಯುವ ಧೈರ್ಯ ಮಾಡಿದರು. ಹಾಗಾಗಿ ಅಲ್ಲಿನ ಸರ್ಕಾರಿ ಶಾಲೆಗಳು ಇವತ್ತು ಯಾವ ಮಗುವನ್ನೂ ಬಲವಂತ ಮಾಡುವಂತಿಲ್ಲ. ಆದರೆ ಟೆಕ್ಸಸ್, ಫ್ಲಾರಿಡಾದಂಥ ರಾಜ್ಯಗಳ ಕಾನೂನು ಅಪ್ಪ ಅಮ್ಮ ಬರೆದುಕೊಟ್ಟರೆ ವಿನಾಯಿತಿ ಎನ್ನುತ್ತದೆ. ಅಲ್ಲಿರುವ ನಮ್ಮವರು ಇದನ್ನು ತಿಳಿದಿರಬೇಕು.

ನಮ್ಮ ದೇಶದಲ್ಲಿ ಇಂಥದೇ ಪ್ರಶ್ನೆ ರಾಷ್ಟ್ರಗೀತೆಯ ಮೂಲಕ ಬಂತು. 1985ರ ಜುಲೈ. ಕೇರಳ. ಬಿಜೋ ಇಮ್ಯಾನುಯೆಲ್ ಮತ್ತು ಅವನ ಇಬ್ಬರು ತಂಗಿಯರು, ಹತ್ತು, ಒಂಬತ್ತು ಮತ್ತು ಐದನೇ ತರಗತಿಯ ಮಕ್ಕಳು. ಅವರದೂ ಯೆಹೋವನ ಸಾಕ್ಷಿಗಳ ಮನೆ. ರಾಷ್ಟ್ರಗೀತೆ ಶುರುವಾದಾಗ ದಿನಾ ಎದ್ದು ಗೌರವದಿಂದ ನಿಲ್ಲುತ್ತಿದ್ದರು. ಹಾಡುತ್ತಿರಲಿಲ್ಲ, ಅಷ್ಟೇ. ವಿಷಯ ವಿಧಾನಸಭೆಗೆ ಹೋಯಿತು. ವಿಚಾರಣೆಗೆ ಬಂದವರೂ ಮಕ್ಕಳು ಅಗೌರವ ತೋರಿಲ್ಲ ಎಂದೇ ವರದಿ ಕೊಟ್ಟರು. ಆದರೂ ಶಾಲೆಯಿಂದ ತೆಗೆದರು. 1986ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಒ. ಚಿನ್ನಪ್ಪ ರೆಡ್ಡಿ ಮತ್ತು ಎಂ.ಎಂ. ದತ್ ಅವರು ಮಕ್ಕಳನ್ನು ಮತ್ತೆ ಸೇರಿಸಿಕೊಳ್ಳಿ ಎಂದರು. ಹಾಡಲೇಬೇಕು ಎಂದು ಯಾವ ಕಾನೂನೂ ಹೇಳುವುದಿಲ್ಲ, ಗೌರವದಿಂದ ಎದ್ದು ನಿಂತರೆ ಅದು ಅಗೌರವವಲ್ಲ ಎಂದರು. ತೀರ್ಪಿನ ಕೊನೆಯ ಮಾತನ್ನು ಕನ್ನಡದಲ್ಲಿ ಹೀಗೆ ಹೇಳಬಹುದು: ನಮ್ಮ ಪರಂಪರೆ ಸಹನೆಯನ್ನು ಕಲಿಸುತ್ತದೆ, ನಮ್ಮ ತತ್ವ ಸಹನೆಯನ್ನು ಬೋಧಿಸುತ್ತದೆ, ನಮ್ಮ ಸಂವಿಧಾನ ಸಹನೆಯನ್ನು ಪಾಲಿಸುತ್ತದೆ, ಅದನ್ನು ನಾವು ತೆಳುವಾಗಿಸುವುದು ಬೇಡ.

ಪ್ರತಿಜ್ಞೆಯ ಬಗ್ಗೆ ಅಷ್ಟು ಕೂಡ ಕಾನೂನಿಲ್ಲ. ಬಾವುಟ, ಸಂವಿಧಾನ, ರಾಷ್ಟ್ರಗೀತೆಗಳ ಅವಮಾನ ತಡೆಯುವ 1971ರ ಕಾಯ್ದೆಯಲ್ಲಿ ಅದರ ಹೆಸರಿಲ್ಲ. ಹಾಗಿದ್ದೂ ಬಾಯಿ ಮುಚ್ಚಿ ನಿಂತ ಮಗುವನ್ನು ಗುರುತಿಸಿ ಹೊರಗೆ ಕರೆಯುವ ಶಿಕ್ಷಕರಿದ್ದಾರೆ. ಅದು ಅವರ ತಪ್ಪು ಎಂದು ಅವರಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ.

ನನ್ನ ಪರಿಚಯದ ಒಬ್ಬ ಟೀಚರ್ ಹತ್ತಿರ ಇದನ್ನೆಲ್ಲ ಹೇಳಿದೆ. ಅವರು ಒಪ್ಪಲಿಲ್ಲ. 'ನೀವು ನಗರದಲ್ಲಿ ಕೂತು ಹೇಳುತ್ತೀರಿ. ನಮ್ಮ ಹಳ್ಳಿಯಲ್ಲಿ ಮೇಲ್ಕೇರಿಯ ಮಗು, ಕೆಳಕೇರಿಯ ಮಗು ಒಂದೇ ಸಾಲಿನಲ್ಲಿ ನಿಂತು ಒಂದೇ ಮಾತು ಹೇಳುವ ಜಾಗ ಇನ್ನೆಲ್ಲಿದೆ? ದೇವಸ್ಥಾನದಲ್ಲಿ ಇಲ್ಲ, ಹೋಟೆಲ್ಲಿನಲ್ಲಿ ಇಲ್ಲ. ಆ ಎರಡು ನಿಮಿಷವನ್ನೂ ತೆಗೆದುಬಿಡಬೇಕಾ?' ಎಂದರು. ಈ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಅವರು ಹೇಳಿದ್ದರಲ್ಲಿ ಸತ್ಯವಿದೆ. ಮೂಲೆಯಲ್ಲಿ ಕೂರುವ ಮಗು ಮೊದಲ ಬಾರಿ ಇಡೀ ಶಾಲೆಯ ಎದುರು ನಿಂತು ಗಟ್ಟಿಯಾಗಿ ಮಾತಾಡುವುದು ಬಹಳ ಸಲ ಈ ಪ್ರತಿಜ್ಞೆಯಲ್ಲೇ.

ಆದರೆ ಪ್ರಾರ್ಥನೆ ಮುಗಿದ ಮೇಲೆ ಏನಾಗುತ್ತದೆ? ಬಿಸಿಯೂಟದ ಅಡುಗೆ ಮಾಡುವವರು ದಲಿತರು ಎಂದು ಮಕ್ಕಳನ್ನು ಊಟಕ್ಕೆ ಬಿಡದ ಸುದ್ದಿಗಳು ನಮ್ಮ ರಾಜ್ಯದಿಂದಲೂ ಬಂದಿವೆ. ಬೆಳಗ್ಗೆ ಸಹೋದರ ಸಹೋದರಿಯರು ಎಂದ ಮಗು ಮಧ್ಯಾಹ್ನ ತಟ್ಟೆ ಎತ್ತಿಕೊಂಡು ದೂರ ಹೋಗಬೇಕು. ಮಗು ದಡ್ಡ ಅಲ್ಲ. ಬಾಯಲ್ಲಿ ಹೇಳುವುದು ಒಂದು, ಮಾಡುವುದು ಇನ್ನೊಂದು, ಹೀಗೇ ಇರಬೇಕೇನೋ ಎಂದು ಕಲಿಯುತ್ತದೆ. ಈ ಪಾಠ ಬಹಳ ಗಟ್ಟಿಯಾಗಿ ಕೂರುತ್ತದೆ. ಪ್ರತಿಜ್ಞೆಯನ್ನು ಪ್ರೀತಿಸುವವರು ಮೊದಲು ಹೆದರಬೇಕಾದದ್ದು ಇದಕ್ಕೆ.

ಕರ್ನಾಟಕದ ಪೀಠಿಕೆ ಓದಿನ ಬಗ್ಗೆ ಎರಡು ಮಾತು. 2023ರ ಸೆಪ್ಟೆಂಬರ್ 15ರಂದು ರಾಜ್ಯದಾದ್ಯಂತ ಸಾಮೂಹಿಕವಾಗಿ ಓದಿಸಿದರು. ಮರುವರ್ಷ ಬೀದರಿನಿಂದ ಚಾಮರಾಜನಗರದವರೆಗೆ 2,500 ಕಿಲೋಮೀಟರ್ ಮಾನವ ಸರಪಳಿ ಮಾಡಿದರು. ಪೀಠಿಕೆ ಪ್ರತಿಜ್ಞೆಗಿಂತ ಬೇರೆ ಜಾತಿಯ ಮಾತು ಎಂಬುದು ನನಗೆ ಇಷ್ಟವಾದ ವಿಷಯ. ಪ್ರತಿಜ್ಞೆಯಲ್ಲಿ ಮಗು ದೇಶಕ್ಕೆ ಮಾತು ಕೊಡುತ್ತದೆ. ಪೀಠಿಕೆಯಲ್ಲಿ ಜನ ತಮಗೆ ತಾವೇ ನ್ಯಾಯ, ಸ್ವಾತಂತ್ರ್ಯ, ಸಮಾನತೆ ಕೊಟ್ಟುಕೊಳ್ಳುತ್ತಾರೆ. ಅದನ್ನು ಓದುವ ಮಗುವಿಗೆ ತನಗೂ ಏನೋ ಬರಬೇಕಾದದ್ದಿದೆ ಎಂದು ತಿಳಿಯುತ್ತದೆ. ಆದರೆ ಅದೇ ಪೀಠಿಕೆಯಲ್ಲಿ ವಿಚಾರ, ಅಭಿವ್ಯಕ್ತಿ, ನಂಬಿಕೆಯ ಸ್ವಾತಂತ್ರ್ಯ ಎಂದಿದೆ. ಅದನ್ನು ಕಡ್ಡಾಯ ಎಂದು ಹೇಳಿ ಓದಿಸುವುದು ಹೇಗೆ? ನಾನು ಒಪ್ಪುವ ಮಾತು ಎಂದ ಮಾತ್ರಕ್ಕೆ ಬಲವಂತ ಸರಿಯಾಗುವುದಿಲ್ಲ. ನಾಳೆ ಇನ್ನೊಂದು ಸರ್ಕಾರ ಬಂದು ನಾನು ಒಪ್ಪದ ಮಾತನ್ನು ಅದೇ ಸಾಲಿನಲ್ಲಿ, ಅದೇ ಮೈಕಿನಲ್ಲಿ ಹೇಳಿಸಬಹುದು.

ಇನ್ನೊಂದು ವಿಷಯ ನನ್ನನ್ನು ಕಾಡುತ್ತದೆ. ಪ್ರತಿಜ್ಞೆಯಲ್ಲಿ ಮಗು ಗುರುಗಳನ್ನೂ ಹಿರಿಯರನ್ನೂ ಗೌರವಿಸುತ್ತೇನೆ ಎನ್ನುತ್ತದೆ. ಮಗುವಿಗೆ ಮಾತು ಕೊಡುವವರು ಯಾರು? ಹುಡುಕಿದರೆ ಕಾನೂನಿನಲ್ಲಿ ಸಿಗುತ್ತದೆ. 6ರಿಂದ 14 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣ ಹಕ್ಕು ಎಂದು ಸಂವಿಧಾನದ 21ಎ ವಿಧಿ ಹೇಳುತ್ತದೆ. ಮಗುವಿನ ಮೈಮೇಲೆ ಕೈ ಮಾಡುವಂತಿಲ್ಲ, ಮನಸ್ಸಿಗೂ ಹಿಂಸೆ ಕೊಡುವಂತಿಲ್ಲ ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೇಳುತ್ತದೆ. ಇವು ದೇಶ ಮಗುವಿಗೆ ಕೊಟ್ಟ ಮಾತುಗಳು. ಬೆಳಗಿನ ಸಾಲಿನಲ್ಲಿ ಮೇಷ್ಟ್ರು, ಹೆಡ್‌ಮೇಷ್ಟ್ರು ಮುಂದೆ ಬಂದು ಇವನ್ನು ಮಕ್ಕಳ ಎದುರು ಓದಿದ್ದನ್ನು ನಾನು ಎಲ್ಲೂ ಕಂಡಿಲ್ಲ. ಓದಿದರೆ ಎಷ್ಟು ಚೆನ್ನ.

ಹಾಗಾದರೆ ಪ್ರತಿಜ್ಞೆ ಬೇಡವೇ? ಬೇಕು. ಸುಬ್ಬರಾವ್ ಬರೆದ ಸಾಲುಗಳನ್ನು ಮಕ್ಕಳು ಓದಲಿ, ಬರೆದವರ ಹೆಸರೂ ತಿಳಿಯಲಿ. ದಿನಾ ಕೈ ಚಾಚಿಸುವ ಬದಲು ವಾರಕ್ಕೊಂದು ಸಾಲನ್ನು ತರಗತಿಗೆ ತೆಗೆದುಕೊಂಡು ಹೋಗಿ. ಹೇಳಲು ಮನಸ್ಸಿಲ್ಲದ ಮಗು ಸುಮ್ನೆ ನಿಲ್ಲಲಿ. ಅದಕ್ಕೆ ಕಾರಣ ಕೇಳಬೇಡಿ, ಅಪ್ಪ ಅಮ್ಮನಿಂದ ಪತ್ರ ತರಿಸಬೇಡಿ. ಎಲ್ಲ ಭಾರತೀಯರೂ ಎಂದರೆ ಯಾರು ಯಾರು ಎಂದು ಒಂದು ವಾರ ಕೇಳಿ. ಮಕ್ಕಳು ಹೇಳುತ್ತಾ ಹೋಗಲಿ, ಬೋರ್ಡಿನ ಮೇಲೆ ಬರೆಯುತ್ತಾ ಹೋಗಿ. ಊರಿನ ಯಾವ ಕೇರಿ ಆ ಪಟ್ಟಿಯಲ್ಲಿ ಬರಲಿಲ್ಲ ಎಂದು ಮಕ್ಕಳೇ ಕಂಡುಕೊಳ್ಳಲಿ.

ಇನ್ನೊಂದು ವಾರ ಆ ಕಷ್ಟದ ಸಾಲು ಬರುತ್ತದೆ. ಶ್ರೀಮಂತ, ವೈವಿಧ್ಯಮಯ ಪರಂಪರೆ. ಆ ದಿನ ಪ್ರತಿ ಮಗುವೂ ಮನೆಯಿಂದ ಒಂದು ಹಾಡು ತರಲಿ, ಮನೆಮಾತಿನಲ್ಲಿ. ಅಜ್ಜಿ ಹೇಳುವ ಜೋಗುಳವೋ, ಬೀಸುವ ಪದವೋ, ಉರ್ದುವಿನಲ್ಲಿ ತುಳುವಿನಲ್ಲಿ ತೆಲುಗಿನಲ್ಲಿ ಯಾವುದಾದರೂ ಸರಿ. ನಮ್ಮ ತರಗತಿಯ ಆ ಹುಡುಗನಿಗೆ ಬಹಳ ಹಾಡು ಬರುತ್ತಿತ್ತು. ಸಂಜೆ ತಾಂಡಾ ಕಡೆಗೆ ನಡೆಯುವಾಗ ಲಂಬಾಣಿಯಲ್ಲಿ ಹಾಡಿಕೊಂಡು ಹೋಗುತ್ತಿದ್ದ. ಅಲ್ಲಿ ಅವನ ನಾಲಿಗೆ ಒಮ್ಮೆಯೂ ತೊಡರುತ್ತಿರಲಿಲ್ಲ. ಏಳು ವರ್ಷ ಒಟ್ಟಿಗೆ ಓದಿದೆವು. ಆ ಹಾಡು ಏನು ಹೇಳುತ್ತದೆ ಎಂದು ಶಾಲೆಯಲ್ಲಿ ಒಬ್ಬರೂ ಅವನನ್ನು ಕೇಳಲಿಲ್ಲ. ನಾನೂ ಕೇಳಲಿಲ್ಲ.